ತುಳಿಯದೆ ಬಿಟ್ಟ ಮನೆ

ಆಹ್ವಾನದ ಚೀಟಿಯನ್ನು ಅಕ್ಕನ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುವುದರಲ್ಲೇ ನಾಲ್ಕು ದಿನ ಕಳೆದಿದ್ದವು. ಮೊದಲು ಅಂಗಿಯ ಜೇಬಿನಲ್ಲಿತ್ತು, ಆಮೇಲೆ ದಿಂಬಿನ ಕೆಳಗೆ, ಕೊನೆಗೆ ಮಂಚದಡಿಯ ಬೂಟಿನೊಳಗೆ. ಅರವತ್ತಾರು ವರ್ಷದ ಮನುಷ್ಯ ಎರಡೇ ಕೋಣೆಯ ಮನೆಯಲ್ಲಿ ಕದ್ದ ಮಾಲು ಹಿಡಿದವನಂತೆ ಒಂದು ರಟ್ಟಿನ ತುಂಡನ್ನು ಹಿಡಿದು ಅಲೆಯುತ್ತಿದ್ದೇನಲ್ಲ ಎಂದು ಅವನಿಗೇ ನಾಚಿಕೆಯಾಗಿತ್ತು. ಚೀಟಿಯಲ್ಲಿ ಇದ್ದದ್ದಾದರೂ ಏನು? ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮೂಲೆಯ ಚಿತ್ರಮಂದಿರದಲ್ಲಿ ಊರನ್ನೇ ತುಳಿಯುವ ಪ್ರಾಣಿಯ ಆ ಹಳೆಯ ಚಿತ್ರವನ್ನು ಮತ್ತೆ ತೋರಿಸುತ್ತಾರೆ. ಪ್ರಾಣಿಯ ವೇಷ ತೊಟ್ಟಿದ್ದ ತಾವು ದಯವಿಟ್ಟು ಬಂದು ವೇದಿಕೆಯ ಮೇಲೆ ನಾಲ್ಕು ಮಾತಾಡಬೇಕು. ಇಷ್ಟೇ. ಈಗ ಶನಿವಾರ ಬಂದೇಬಿಟ್ಟಿತ್ತು. ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ಅವನು ಆ ನಾಲ್ಕು ಮಾತುಗಳನ್ನು ತುಟಿಯಲ್ಲೇ ಒಪ್ಪಿಸಿ ನೋಡಿದ. ‘ವೇಷದ ಕಣ್ಣಿನ ತೂತು ಪಕ್ಕಕ್ಕೆ ಸರಿದಿತ್ತು. ಆ ಮನೆ ಕಾಣಲಿಲ್ಲ. ಅದಕ್ಕೇ ದಾಟಿ ಹೋದೆ.’ ನಲವತ್ತೆರಡು ವರ್ಷಗಳಿಂದ ಕೇಳಿದವರಿಗೆಲ್ಲ ಇದನ್ನೇ ಹೇಳಿಕೊಂಡು ಬಂದಿದ್ದ. ಹೇಳಿ ಹೇಳಿ ಮಾತು ನುಣ್ಣಗಾಗಿತ್ತು. ಇವತ್ತು ಯಾಕೋ ಎರಡನೆಯ ವಾಕ್ಯಕ್ಕೇ ತಪ್ಪಿತು.

“ಮೂರಕ್ಕಲ್ವಾ ಶೋ?” ಅಕ್ಕ ಅಡುಗೆಮನೆಯಿಂದಲೇ ಕೇಳಿದಳು.

ಕತ್ತಿ ಗಲ್ಲಕ್ಕೆ ತಾಗಿತು. “ಯಾವ ಶೋ?”

“ಬೂಟು ಒರೆಸೋಣ ಅಂತ ತೆಗೆದೆ. ಒಳಗಿತ್ತು.” ಅವಳು ಬಾಗಿಲಿಗೆ ಬಂದು ನಿಂತಳು. ಹೊರಗೆ ಹೋಗುವ ಒಳ್ಳೆಯ ಬಟ್ಟೆಯನ್ನು ಆಗಲೇ ಉಟ್ಟಿದ್ದಳು. ತಲೆ ಬಾಚಿಕೊಂಡಿದ್ದಳು. “ಚೀಟಿ ಬಚ್ಚಿಡೋನು ಬೂಟನ್ನ ತಾನೇ ಒರೆಸಿಕೊಳ್ಳಬೇಕು.”

“ಅಕ್ಕಾ, ನಿನಗೆ ಅದು ಆಗಲ್ಲ. ಕತ್ತಲೆ, ಗದ್ದಲ. ಸೈರನ್ ಬೇರೆ ಇದೆ ಅದರಲ್ಲಿ.”

“ಇದನ್ನೇ ನಲವತ್ತೆರಡು ವರ್ಷದಿಂದ ಹೇಳ್ತಿದೀಯ. ನಾನು ಸತ್ತ ಮೇಲೆ ತೋರಿಸ್ತೀಯಾ?”

ಅವನು ಗಲ್ಲದ ರಕ್ತಕ್ಕೆ ತಣ್ಣೀರು ಒತ್ತಿಕೊಂಡ. ಅಕ್ಕ ಬರುವುದು ಬೇಡ ಎನ್ನುವುದಕ್ಕೆ ಸೈರನ್ ಕಾರಣವಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳು ಚಿತ್ರ ನೋಡಿದರೆ ಮನೆಯನ್ನು ನೋಡುತ್ತಾಳೆ. ಮನೆಯನ್ನು ನೋಡಿದರೆ ಅವನು ಕಾಲೆತ್ತಿದ್ದನ್ನು ನೋಡುತ್ತಾಳೆ. ಯಾಕೆ ಎತ್ತಿದೆ ಎಂದು ಕೇಳುತ್ತಾಳೆ. ಅವಳೊಬ್ಬಳಿಗೆ ಮಾತ್ರ ಕಣ್ಣಿನ ತೂತಿನ ಕತೆ ನಡೆಯುವುದಿಲ್ಲ.

ಆ ವೇಷ ಒಬ್ಬ ಆಳಿನಷ್ಟೇ ಭಾರವಿತ್ತು. ರಬ್ಬರು, ಹತ್ತಿ, ಒಳಗೆ ಬಿದಿರಿನ ಪಕ್ಕೆಲುಬು. ಪ್ರಾಣಿಯ ಕಣ್ಣು ಎಲ್ಲೋ ಮೇಲಿದ್ದರೆ ಅವನ ಕಣ್ಣು ಪ್ರಾಣಿಯ ಕುತ್ತಿಗೆಯ ಹತ್ತಿರ, ಎರಡು ಬೆರಳಗಲದ ತೂತುಗಳ ಹಿಂದೆ. ಒಳಗೆ ಹೊರಗಿನ ಮಾತು ಕೇಳಿಸದು. ಒಬ್ಬ ಸಹಾಯಕ ಬಿದಿರಿನ ಕೋಲಿನಿಂದ ಬೆನ್ನಿಗೆ ಎರಡು ಸಲ ತಟ್ಟಿದರೆ ನಡೆ, ಒಂದು ಸಲ ತಟ್ಟಿದರೆ ನಿಲ್ಲು. ಬಿಚ್ಚಿದಾಗ ಪಾದದ ಚೀಲದಿಂದ ಬೆವರನ್ನು ಬಗ್ಗಿಸಿ ಸುರಿಯುತ್ತಿದ್ದರು. ಸೆಟ್ಟಿನಲ್ಲಿ ಎಲ್ಲರೂ ಅವನನ್ನು ‘ಒಳಗಿನವ’ ಎನ್ನುತ್ತಿದ್ದರು. ಒಳಗಿನವನಿಗೆ ಟೀ ಕೊಡಿ, ಒಳಗಿನವ ಇನ್ನೂ ಬದುಕಿದ್ದಾನಾ ನೋಡಿ. ಇಪ್ಪತ್ತನಾಲ್ಕರ ವಯಸ್ಸಿಗೆ ಅದೂ ಒಂದು ಮರ್ಯಾದೆಯೇ ಅನ್ನಿಸಿತ್ತು. ನಿರ್ದೇಶಕರು ಮೊದಲ ದಿನವೇ ಹೇಳಿದ್ದರು: ಇದು ಪ್ರಾಣಿ ಅಲ್ಲಪ್ಪ, ಅವತ್ತು ಮೇಲಿಂದ ಬಂತಲ್ಲ, ಅದು. ಯಾವತ್ತು ಎಂದು ಯಾರೂ ಕೇಳಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷವಾಗಿದ್ದರೂ ಆ ಊರಿನಲ್ಲಿ ಅದರ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಯುದ್ಧದ ಚಿತ್ರವೆಂದರೆ ಜನ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಕಲ್ಲುಗಣಿಯಿಂದ ಎದ್ದು ಬರುವ ಒಂದು ಪ್ರಾಣಿಯ ನೆಪ ಬೇಕಿತ್ತು.

ತುಳಿಯುವ ಊರನ್ನು ಕಟ್ಟುತ್ತಿದ್ದವರು ಬಡಗಿ ಮಾವ. ಸೊಂಟದೆತ್ತರದ ಮನೆಗಳು, ಬೆರಳುದ್ದದ ಕಿಟಕಿಗಳು, ತೆಳ್ಳನೆಯ ಸುಣ್ಣಗಚ್ಚಿನ ಗೋಡೆಗಳು. ಪಾದ ಬಿದ್ದಕೂಡಲೇ ಪುಡಿಯಾಗಲೆಂದು ಗೋಡೆಯ ಒಳಮೈಯನ್ನು ಮೊದಲೇ ಗರಗಸದಿಂದ ಗೀರಿರುತ್ತಿದ್ದರು. ನಲವತ್ತು ದಿನ ಕಟ್ಟಿದ್ದನ್ನು ಒಂದೇ ಒಂದು ಸಲ ತುಳಿಯಬಹುದು. ತಪ್ಪಿದರೆ ತಪ್ಪಿತು, ಎರಡನೆಯ ಸಲ ಎಂಬುದಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದರು: ಲೋ, ಬೀದಿ ಅಂದರೆ ಮೂಲೇಲಿ ಏನಿರುತ್ತಪ್ಪಾ? ಇವನು ಬ್ರೆಡ್ಡು ಅಗಿಯುತ್ತ ಹೇಳುತ್ತಿದ್ದ: ನೀರಿನ ತೊಟ್ಟಿ. ಅದರ ಪಕ್ಕ? ಬೀಗ ರಿಪೇರಿಯವನ ಅಂಗಡಿ. ಅದರಾಚೆ? ನೀಲಿ ಬಾಗಿಲಿನ ಮನೆ, ಬಾಗಿಲ ಹತ್ತಿರ ಮೂರು ಕಾಲಿನ ಸ್ಟೂಲು, ಮೇಲೆ ಒಂದು ಮೂಲೆ ಮುರಿದ ಕಟ್ಟೆಗೋಡೆ. ದಿನಕ್ಕೊಂದು ಹೇಳುತ್ತ ಹೋದ. ಮಾವ ಸುಮ್ಮನೆ ಮಾತಿಗೆ ಕೇಳುತ್ತಿದ್ದಾರೆ ಅಂದುಕೊಂಡಿದ್ದ. ಹೇಳುವುದರಲ್ಲಿ ಒಂದು ಸುಖವೂ ಇತ್ತು. ಹದಿನಾಲ್ಕು ವರ್ಷದಿಂದ ಆ ಬೀದಿಯ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ. ಶೂಟಿಂಗಿನ ದಿನ ವೇಷ ತೊಡಿಸಿದರು, ಬೆನ್ನಿಗೆ ಎರಡು ಸಲ ತಟ್ಟಿದರು. ಅವನು ಏಳು ಮನೆ ತುಳಿದ. ದೂಳು ಎದ್ದಿತು. ದೂಳಿನಾಚೆ ತೂತಿನಲ್ಲಿ ಕಾಣಿಸಿತು: ತೊಟ್ಟಿ, ಬೀಗದಂಗಡಿ, ನೀಲಿ ಬಾಗಿಲು. ಸ್ಟೂಲಿಗೆ ಮೂರೇ ಕಾಲು.

ಅವನ ಕಾಲು ಎದ್ದದ್ದು ಎದ್ದ ಹಾಗೇ ಉಳಿಯಿತು. ಎಷ್ಟು ಹೊತ್ತೋ. ಆಮೇಲೆ ಪ್ರಾಣಿ ಆ ಮನೆಯ ಮೇಲಿಂದ ಮೆಲ್ಲಗೆ ದಾಟಿ ಆಚೆಯ ಮನೆಯ ಮೇಲೆ ಪಾದ ಊರಿತು. ಬಿದಿರುಕೋಲು ಬೆನ್ನಿಗೆ ಬಡಿಯಿತು, ಒಂದಲ್ಲ, ಹತ್ತು ಸಲ. ವೇಷದ ತಲೆ ಕಳಚಿದಾಗ ನಿರ್ದೇಶಕರ ಮುಖ ಕೆಂಪಾಗಿತ್ತು. “ನಾಯಿ ಕಂಬಕ್ಕೆ ಕಾಲೆತ್ತಿದ ಹಾಗೆ ಎತ್ತುತೀಯಲ್ಲೋ! ನಲವತ್ತು ದಿನದ ಕೆಲಸ!” ಸೆಟ್ಟೆಲ್ಲ ನಕ್ಕಿತು. ಮೇಕಪ್ಪಿನವಳೂ ನಕ್ಕಳು. ಅವನಿಗೆ ಅವಳ ಮೇಲೆ ಮನಸ್ಸಿತ್ತು. ಬಡಗಿ ಮಾವ ಒಬ್ಬರು ನಗಲಿಲ್ಲ. ಬಂದು ಅವನ ಬೆನ್ನಿನ ಕೊಂಡಿಗಳನ್ನು ಒಂದೊಂದೇ ಬಿಚ್ಚಿದರು. “ಎಲ್ಲರೂ ನನಗೆ ತಮ್ಮ ತಮ್ಮ ಬೀದೀನೇ ಕೊಡ್ತಾರೆ ಕಣಪ್ಪ,” ಅಂದರು, “ನಿಂದೂ ಅಂತ ನನಗೆ ಹೊಳೀಬೇಕಿತ್ತು.” ಅವನು ನಿರ್ದೇಶಕರ ಕಡೆ ತಿರುಗಿ ‘ಕಾಣಲಿಲ್ಲ ಸಾರ್, ತೂತು ಸರಿದಿತ್ತು’ ಅಂದ. ಅವತ್ತು ಹುಟ್ಟಿದ ಮಾತು ಅದು. ಶಾಟು ಚಿತ್ರದಲ್ಲಿ ಹಾಗೇ ಉಳಿಯಿತು, ಬೇರೆ ಇರಲಿಲ್ಲವಲ್ಲ. ಮತ್ತೆ ಯಾರೂ ಅವನನ್ನು ವೇಷಕ್ಕೆ ಕರೆಯಲಿಲ್ಲ. ಒಂದು ಕಚೇರಿ ಕಟ್ಟಡದಲ್ಲಿ ಲಿಫ್ಟಿನ ಕೆಲಸ ಸಿಕ್ಕಿತು. ಮೂವತ್ತು ವರ್ಷ ಪೆಟ್ಟಿಗೆಯೊಳಗೆ ಸ್ಟೂಲಿನ ಮೇಲೆ ಕೂತು ಜನರನ್ನು ಏರಿಸಿ ಇಳಿಸಿದ, ಅಲ್ಲಿಯೂ ಒಳಗಿನವನೇ.

ಚಿತ್ರಮಂದಿರಕ್ಕೆ ಹತ್ತು ನಿಮಿಷದ ದಾರಿ. ಆದರೆ ಹತ್ತಿರದ ಬೀದಿಯಲ್ಲಿ ನೀರಿನ ಪೈಪು ಒಡೆದು, ಅಗೆದು ಹಾಕಿ, ಕೆಸರು ನಿಂತಿತ್ತು. ಅವನು ಅಕ್ಕನ ಮೊಣಕೈ ಹಿಡಿದು ದೊಡ್ಡ ರಸ್ತೆಯ ಕಡೆ ತಿರುಗಿಸಿದ. “ಹಲಗೆ ಹಾಕಿದಾರಲ್ಲೋ, ಇಲ್ಲೇ ಹೋಗಬಹುದಿತ್ತು,” ಅಂದಳು. “ಬೇಡ,” ಅಂದ. ಕೆಸರು ಕಂಡರೆ ಸುತ್ತಿ ಹೋಗುವುದು ಅವನ ಹಳೆಯ ಅಭ್ಯಾಸ. ಹತ್ತು ವರ್ಷದ ಹುಡುಗನಾಗಿದ್ದಾಗಲೂ ಸುತ್ತಿಯೇ ಹೋಗಿದ್ದ. ಇಲ್ಲ, ಸುತ್ತಿ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹೋಗಿಯೇ ಇರಲಿಲ್ಲ. ಅವತ್ತು ಅವನೂ ಅಕ್ಕನೂ ರೇಷನ್ ಸಾಲಿನಲ್ಲಿದ್ದರು, ಅಮ್ಮ ಕಾರ್ಖಾನೆಯ ಪಾಳಿಯಲ್ಲಿ. ನಾಲ್ಕು ವರ್ಷದ ತಮ್ಮ, ಪುಟ್ಟ, ಜ್ವರ ಬಂದು ಮನೆಯ ಮೆಟ್ಟಿಲ ಕೆಳಗಿನ ಹಾಸಿಗೆಯಲ್ಲಿ ಮಲಗಿದ್ದ. ಪಕ್ಕದ ಮನೆಯ ಅಜ್ಜಿ ಬಾಗಿಲ ಸ್ಟೂಲಿನ ಮೇಲೆ ಕೂತು ನೋಡಿಕೊಳ್ಳುತ್ತಿದ್ದಳು. ಸೈರನ್ ಆಯಿತು. ಜನ ನೂಕಿಕೊಂಡು ಶಾಲೆಯ ನೆಲಮಾಳಿಗೆಗೆ ಓಡಿದರು. ಮೊದಲ ಸುತ್ತಿನ ವಿಮಾನ ಹೋದ ಮೇಲೆ, ಎರಡನೆಯ ಸುತ್ತು ಬರುವ ಮೊದಲು, ಹದಿನಾಲ್ಕು ವರ್ಷದ ಅಕ್ಕ ಅವನ ಹೆಗಲು ಹಿಡಿದು ಅಲ್ಲಾಡಿಸಿದಳು. ಓಡಿ ಹೋಗಿ ನೋಡಿಕೊಂಡು ಬಾ, ಅಜ್ಜಿ ಪುಟ್ಟನ್ನ ಕರಕೊಂಡು ಹೋದಳಾ ಅಂತ. ಅವನು ಓಡಿದ. ಬೀದಿಯ ಮೂಲೆಯ ತೊಟ್ಟಿಯವರೆಗೆ ಓಡಿದ. ಆಚೆ ಏನೋ ಉರಿಯುತ್ತಿತ್ತು, ಯಾರೋ ಕೂಗುತ್ತಿದ್ದರು. ಅವನು ತೊಟ್ಟಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಿವಿ ಮುಚ್ಚಿ ನೂರರವರೆಗೆ ಎಣಿಸಿದ. ಆಮೇಲೆ ವಾಪಸು ಓಡಿ ಬಂದು ಹೇಳಿದ: ಮನೇಲಿ ಯಾರೂ ಇಲ್ಲ, ಅಜ್ಜಿ ಕರಕೊಂಡು ಹೋಗಿದಾಳೆ.

“ಯಾಕೋ ಬೆವರ್ತಿದೀಯ?” ಅಕ್ಕ ಕೇಳಿದಳು.

“ಬಿಸಿಲು.”

ಬಿಸಿಲೇನೂ ಇರಲಿಲ್ಲ. ಅಕ್ಕ ಮೇಲೆ ನೋಡಿದಳು, ಅವನನ್ನು ನೋಡಿದಳು, ಮುಂದೆ ನಡೆದಳು.

ಚಿತ್ರಮಂದಿರದ ಮ್ಯಾನೇಜರು ಮೂವತ್ತು ದಾಟದ ಹೆಂಗಸು, ಮಾತಿನ ಮಲ್ಲಿ. ಬಾಗಿಲಲ್ಲೇ ಕೈ ಹಿಡಿದು ಕುಲುಕಿ, “ಸಾರ್, ನೀವು ಬಂದಿದ್ದು ನಮ್ಮ ಪುಣ್ಯ. ಆ ಕಾಲೆತ್ತೋ ಸೀನು ಇದೆಯಲ್ಲ, ಜನ ಅದಕ್ಕೇ ಕಾಯ್ತಾರೆ, ನಕ್ಕೂ ನಕ್ಕೂ ಸಾಕಾಗಿಬಿಡ್ತಾರೆ!” ಅಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಅವನ ಕಿವಿ ಬಿಸಿಯಾಯಿತು. ಅಕ್ಕ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಮೂರನೆಯ ಸಾಲಿಗೆ ಹೋಗಿ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟು ಎರಡು ಕೈಯಲ್ಲೂ ಹಿಡಿದುಕೊಂಡಳು, ಬಸ್ಸಿನಲ್ಲಿ ಕೂತ ಹಾಗೆ. ದೀಪ ಆರಿತು. ಕಪ್ಪುಬಿಳುಪು ಪರದೆಯ ಮೇಲೆ ಕಲ್ಲುಗಣಿ ಬಿರಿಯಿತು. ಈ ಚಿತ್ರ ಮೊದಲು ಬಂದಾಗ ಪ್ರಾಣಿಯ ತಲೆ ಕಂಡರೆ ಯಾರೂ ಕಿರುಚುತ್ತಿರಲಿಲ್ಲ. ಅವನು ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದ: ಇಡೀ ಮಂದಿರ ನೆಲಮಾಳಿಗೆಯಲ್ಲಿ ಕೂತ ಹಾಗೆ ಉಸಿರು ಬಿಗಿಹಿಡಿದು ತಲೆ ತಗ್ಗಿಸಿ ಕೂತಿತ್ತು. ಗಂಡಸರು ಅಳುತ್ತಿದ್ದರು, ದೀಪ ಹತ್ತಿದಾಗ ಮೂಗು ಒರೆಸಿಕೊಂಡು ಏನೂ ಆಗದವರಂತೆ ಹೊರಟಿದ್ದರು. ಈಗಿನವರು ಎಳೆಯರು, ಅಲ್ಲಲ್ಲಿ ಪಿಸುಮಾತು, ಕುಳಿತಲ್ಲೇ ತಿನ್ನುವ ಸದ್ದು. ಸೈರನ್ ಬಂತು. ಅವನು ಅಕ್ಕನ ಕಡೆ ತಿರುಗಿದ. ಅವಳ ಕೈ ಚೀಲದ ಹಿಡಿಯನ್ನು ಹಿಂಡುತ್ತಿತ್ತು, ಕಣ್ಣು ಮಾತ್ರ ಪರದೆಯಿಂದ ಕದಲಲಿಲ್ಲ. ಏಳುತ್ತಾಳೆ, ಈಗ ಏಳುತ್ತಾಳೆ ಎಂದುಕೊಂಡ. ಏಳಲಿ ಎಂದೂ ಆಸೆಪಟ್ಟ. ಅವಳು ಏಳಲಿಲ್ಲ.

ಏಳು ಮನೆ ಬಿದ್ದವು. ದೂಳು. ಅವನು ಬೂಟಿನೊಳಗೆ ಕಾಲ್ಬೆರಳುಗಳನ್ನು ಮುದುಡಿಕೊಂಡ. ತೊಟ್ಟಿ, ಬೀಗದಂಗಡಿ. ಅಕ್ಕ ಹಾ ಎಂದು ಉಸಿರೆಳೆದುಕೊಂಡದ್ದು ಕೇಳಿಸಿತು. ಪ್ರಾಣಿಯ ಕಾಲು ಎದ್ದಿತು, ಗಾಳಿಯಲ್ಲಿ ನಿಂತಿತು. ಮಂದಿರದಲ್ಲಿ ಮೊದಲು ಒಬ್ಬ ಕಿಸಕ್ಕೆಂದ, ಆಮೇಲೆ ಸಾಲುಸಾಲೇ ಘೊಳ್ಳೆಂದಿತು. ಮೊದಲ ಸಲ ಉಸಿರು ಬಿಗಿಹಿಡಿದು ಕೂತಿದ್ದ ಜನರೂ ಇಲ್ಲೇ ನಕ್ಕಿದ್ದರು; ನಲವತ್ತೆರಡು ವರ್ಷವಾದರೂ ಅದೇ ನಗು, ಅದೇ ಜಾಗದಲ್ಲಿ. ಅವನು ಕುರ್ಚಿಯೊಳಗೆ ಕುಗ್ಗಿದ. ಆಗ ಆ ನಗುವಿನಲ್ಲಿ ಇನ್ನೊಂದು ನಗು ಕಿವಿಗೆ ಬಿತ್ತು, ತೀರ ಹತ್ತಿರದ್ದು, ಒಣಗಿದ್ದು, ಬಳಸದೆ ತುಕ್ಕು ಹಿಡಿದದ್ದು. ಅಕ್ಕ ನಗುತ್ತಿದ್ದಳು. ಅಕ್ಕನೂ! ಎಲ್ಲರೂ ನಗಲಿ, ಇವಳು ನಗಬಹುದೇ? ಕತ್ತಲಲ್ಲಿ ಅವಳ ಮುಖ ಸರಿಯಾಗಿ ಕಾಣದೆ, ಎದ್ದು ಹೊರಗೆ ಹೋಗಿಬಿಡಲೇ ಅನ್ನಿಸಿತು. ಪರದೆಯ ಮೇಲೆ ಊರೆಲ್ಲ ನೆಲಸಮವಾಗಿ, ಹೊಗೆಯ ನಡುವೆ ಆ ಒಂದೇ ಒಂದು ಮನೆ ನಿಂತಿತ್ತು, ಬಾಗಿಲ ಪಕ್ಕದಲ್ಲಿ ಸ್ಟೂಲಿನ ಸಮೇತ.

ಪ್ರಾಣಿ ಮತ್ತೆ ಗಣಿಗೆ ಮರಳಿ ಮಲಗಿತು. ದೀಪ ಹತ್ತಿತು, ಚಪ್ಪಾಳೆಯಾಯಿತು. ಅವನನ್ನು ವೇದಿಕೆಗೆ ಹತ್ತಿಸಿದರು. ಮ್ಯಾನೇಜರು ಮೈಕು ಹಿಡಿದು, ಎಲ್ಲರೂ ಕೇಳುವುದನ್ನೇ ಕೇಳಿದಳು. “ಸಾರ್, ಹೇಳಿಬಿಡಿ. ಆ ಮನೆ ಯಾಕೆ ತುಳೀಲಿಲ್ಲ?” ಆಗಲೇ ಯಾರೋ ನಗಲು ಸಿದ್ಧವಾಗಿದ್ದರು. ಅವನು ಮೈಕು ತೆಗೆದುಕೊಂಡು ಬಾಯಿ ತೆರೆದ. ಕಣ್ಣಿನ ತೂತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಮೂರನೆಯ ಸಾಲಿನಲ್ಲಿ ಅಕ್ಕ ಚೀಲ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಐವತ್ತಾರು ವರ್ಷ ಹೆಗಲು ಮುಟ್ಟಿಕೊಂಡೇ ಬದುಕಿದ್ದ, ಯಾರೂ ಕಳ್ಳ ಅನ್ನದಿದ್ದರೂ. ಸಾಕು ಅನ್ನಿಸಿತು. ಧೈರ್ಯ ಬಂದದ್ದಲ್ಲ, ಸುಸ್ತಾಗಿತ್ತು.

“ಕಂಡಿತ್ತು,” ಅಂದ. ಮೈಕಿನಲ್ಲಿ ಅವನ ದನಿ ದೊಡ್ಡದಾಗಿ ಕೇಳಿ ಅವನೇ ಬೆಚ್ಚಿದ. “ಕಾಣಲಿಲ್ಲ ಅಂತ ಇಷ್ಟು ದಿನ ಸುಳ್ಳು ಹೇಳಿದೆ. ಚೆನ್ನಾಗೇ ಕಂಡಿತ್ತು. ಅದು ನಮ್ಮ ಮನೆ. ಬಾಂಬು ಬಿದ್ದ ದಿನ ನನ್ನ ತಮ್ಮ ಅದರೊಳಗಿದ್ದ. ಹೋಗಿ ನೋಡ್ಕೊಂಡು ಬಾ ಅಂತ ನನ್ನನ್ನ ಕಳಿಸಿದ್ರು. ನಾನು ಮೂಲೇವರೆಗೆ ಹೋಗಿ, ಹೆದರಿಕೊಂಡು ವಾಪಸು ಬಂದೆ. ಮನೇಲಿ ಯಾರೂ ಇಲ್ಲ ಅಂದೆ. ಅಜ್ಜಿನೂ ಇದ್ದಳು, ಅವನೂ ಇದ್ದ. ಇಬ್ಬರೂ ಉಳೀಲಿಲ್ಲ.” ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. “ವೇಷದೊಳಗೆ ಇದ್ದಾಗ… ಇನ್ನೊಂದು ಸಲ ಆ ಮನೇನ ಬಿಟ್ಟುಕೊಡೋಕೆ ಆಗಲಿಲ್ಲ,” ಅಂದು ಮೈಕನ್ನು ಅವಳ ಕೈಗೆ ಕೊಟ್ಟ.

ಮಾತಿನ ಮಲ್ಲಿ ಮೈಕನ್ನು ಆರಿಸಿದಳು. ಅವನು ಮೆಟ್ಟಿಲು ತಡವರಿಸುತ್ತ ಇಳಿದ. ಅಕ್ಕ ಎದ್ದು ಬಂದು ಅವನ ಕೈಗೆ ಕೋಟು ಕೊಟ್ಟು, “ನಡಿ,” ಅಂದಳು.

ಹೊರಗೆ ಇನ್ನೂ ಸಂಜೆಯ ಬೆಳಕಿತ್ತು. ಒಂದು ಅಂಗಡಿಯ ಮುಂದಿನ ಬೆಂಚಿನ ಹತ್ತಿರ ಅವಳು ನಿಂತಳು. ಮಂಡಿ ನೋವು ಎಂದು ಕೂತಳು. ಅವನು ನಿಂತೇ ಇದ್ದ, ಶಿಕ್ಷೆಗೆ ನಿಲ್ಲಿಸಿದ ಹಾಗೆ.

“ಹೇಳಬೇಕಾದ್ದು ನಿನಗೆ,” ಅಂದ. “ಊರಿಗೆಲ್ಲ ಹೇಳಿ ನಿನಗೆ ಕೊನೆಗೆ ಹೇಳಿದ ಹಾಗಾಯ್ತು.”

“ನನಗೆ ಅವತ್ತೇ ಗೊತ್ತಿತ್ತು ಕಣೋ.”

ಅವನು ಅವಳ ಮುಖ ನೋಡಿದ.

“ನಿನ್ನ ಕಾಲು ಒಣಗಿತ್ತು.” ಅಕ್ಕ ಎದುರಿನ ಗೋಡೆಯನ್ನು ನೋಡುತ್ತ ಹೇಳಿದಳು. “ನೆಲಮಾಳಿಗೆಗೆ ಓಡುವಾಗ ನಮ್ಮ ಬೀದಿ ಬಾಯಿಗೆ ಬಂದಿದ್ವಲ್ಲ, ನಾನು ನೋಡಿದ್ದೆ. ಬೀಗದಂಗಡಿ ಮುಂದೆ ಪೈಪು ಒಡೆದು ಬೀದಿ ತುಂಬ ಕಪ್ಪು ಕೆಸರು. ಮನೆಗೆ ಹೋಗಬೇಕಾದ್ರೆ ಅದನ್ನ ದಾಟದೆ ಆಗ್ತಿರಲಿಲ್ಲ. ನೀನು ಬರಿಗಾಲಲ್ಲಿ ಹೋದೆ, ಚೊಕ್ಕಟ ಕಾಲಲ್ಲಿ ವಾಪಸು ಬಂದೆ.”

“ಗೊತ್ತಿದ್ದೂ ಯಾಕೆ ಕೇಳಲಿಲ್ಲ?”

“ಕೇಳಿದ್ರೆ ನಾನೇ ಹೋಗಬೇಕಾಗ್ತಿತ್ತು.” ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹದಿನಾಲ್ಕು ವರ್ಷದವಳು ನಾನು. ಹತ್ತು ವರ್ಷದವನನ್ನ ಯಾಕೆ ಕಳಿಸಿದೆ ಅಂದ್ಕೊಂಡೆ? ಹೆದರಿಕೆ ಕಣೋ, ನನಗೂ. ನೀನು ಯಾರೂ ಇಲ್ಲ ಅಂದಾಗ ನಿನ್ನ ಕಾಲು ನೋಡಿದೆ, ಅಬ್ಬ ಅಂದ್ಕೊಂಡೆ, ನಂಬಿಬಿಟ್ಟೆ. ಸುಳ್ಳು ಹೇಳಿದೋನು ನೀನು, ಅದನ್ನ ಸೆರಗೊಡ್ಡಿ ತಗೊಂಡೋಳು ನಾನು. ಆಮೇಲೆ ನೀನು ಬಾಯಿ ಬಿಡ್ತೀಯೇನೋ ಅಂತ ದಿನಾ ಹೆದರಿಕೊಂಡೇ ಇದ್ದೆ. ಬಿಟ್ರೆ ನಂದೂ ಹೊರಗೆ ಬರ್ತಿತ್ತಲ್ಲ.”

ಅವನು ಬೆಂಚಿನ ಮೇಲೆ ಕುಸಿದು ಕೂತ. ಒಂದೇ ಮನೆ, ಒಂದೇ ಒಲೆ, ಐವತ್ತಾರು ವರ್ಷ. ಇಬ್ಬರೂ ಒಬ್ಬರಿಗೊಬ್ಬರು ಟೀ ಕೊಟ್ಟುಕೊಂಡು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿಕೊಂಡು, ಒಬ್ಬರಿಗೊಬ್ಬರು ಹೆದರಿಕೊಂಡಿದ್ದರು. ಅವನಿಗೆ ಅಳು ಬಂತು, ಜೊತೆಗೆ ಅಕ್ಕನ ಮೇಲೆ ಒಂದು ಕ್ಷಣ ಭಯಂಕರ ಸಿಟ್ಟೂ ಬಂತು. ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಯ ಮೇಲೆ ಎಷ್ಟು ಹೊತ್ತು ಸಿಟ್ಟಾಗುವುದು? ಹಾಗಾದರೆ ಹತ್ತು ವರ್ಷದ ಹುಡುಗನ ಮೇಲೆ? ಈ ಪ್ರಶ್ನೆ ಅವನಿಗೆ ಇದುವರೆಗೆ ಒಂದು ಸಲವೂ ಹುಟ್ಟಿರಲಿಲ್ಲ.

“ಆದರೂ ನೀನು ನಕ್ಕೆ,” ಅಂದ, ಮೂಗು ಒರೆಸಿಕೊಳ್ಳುತ್ತ. “ಒಳಗೆ. ಎಲ್ಲರ ಜೊತೆ.”

“ನಗದೆ ಇನ್ನೇನೋ ಪೆದ್ದ! ಆ ಮನೆಹಾಳ ಪ್ರಾಣಿ ಊರೆಲ್ಲ ಹಾಳು ಮಾಡಿಕೊಂಡು ಬಂತು, ನಮ್ಮ ಮನೆ ಬಂತು, ಆಯ್ತು, ಹೋಯ್ತು ಅಂದ್ಕೊಂಡೆ. ಕಾಲೆತ್ತಿ ದಾಟಿ ಹೋಯ್ತಲ್ಲ! ಬಾಗಿಲು ಕಪ್ಪಾಗಿ ಕಾಣ್ತು, ಆದ್ರೂ ನೀಲಿ ಅಂತ ಗೊತ್ತಾಯ್ತು. ಖುಷಿಗೆ ನಗು ಬಂತು ಕಣೋ. ಒಂದಾದ್ರೂ ಉಳೀತಲ್ಲ ಅಂತ. ಅವತ್ತು ಮೊದಲ ಸಲ ನೋಡಿದೋರೂ ಅದಕ್ಕೇ ನಕ್ಕಿರಬೇಕು.”

ಅವನು ಆ ಹಳೆಯ ನಗುವನ್ನು ನೆನಪಿಗೆ ತಂದುಕೊಂಡ. ಉಸಿರು ಬಿಗಿಹಿಡಿದು ಕೂತಿದ್ದ ಮಂದಿರ, ಎತ್ತಿದ ಕಾಲು, ಆಮೇಲೆ ಒಮ್ಮೆಲೇ ಘೊಳ್ಳೆಂದ ಜನ. ಅವನಿಗೆ ಗೇಲಿಯಾಗಿಯೇ ಕೇಳಿಸಿತ್ತು. ಈಗ ಅದೇ ನಗುವನ್ನು ಮತ್ತೆ ಕೇಳಿಸಿಕೊಂಡ. ಅದರೊಳಗೆ ಬಿಟ್ಟ ಉಸಿರೂ ಇತ್ತು.

ಅಕ್ಕ ಎದ್ದಳು. “ಹತ್ತಿರದ ದಾರೀಲೇ ಹೋಗೋಣ, ಮಂಡಿ ಕೇಳಲ್ಲ.” ಅಗೆದ ಬೀದಿಗೆ ಬಂದಾಗ ಕೆಲಸದವರು ಹಲಗೆ ಎತ್ತಿಕೊಂಡು ಹೋಗಿಬಿಟ್ಟಿದ್ದರು. ಆ ಬದಿಯಿಂದ ಈ ಬದಿಯವರೆಗೆ ಕೆಸರು. ಅವನು ಅಂಚಿನಲ್ಲಿ ನಿಂತು ಎರಡು ಬದಿಯನ್ನೂ ನೋಡಿದ, ಅಭ್ಯಾಸದಿಂದ. ಸುತ್ತುವ ದಾರಿ ಅಕ್ಕನ ಮಂಡಿಗೆ ದೂರ. ಬಲಗಾಲನ್ನು ಎತ್ತಿ ಕೆಸರಿನ ನಡುವೆ ಊರಿದ. ತಣ್ಣಗೆ ಕಣಕಾಲಿನವರೆಗೆ ಬಂತು. ಎಡಗಾಲನ್ನೂ ಊರಿ, ತಿರುಗಿ ಕೈ ಚಾಚಿದ. ಅಂಚಿನ ಒಂದು ಇಟ್ಟಿಗೆ, ನಡುವಿನ ಒಂದು ಪೈಪಿನ ತುಂಡು ಮೆಟ್ಟಿಕೊಂಡು, ಅವನ ಹೆಗಲು ಹಿಡಿದು ಅಕ್ಕ ಆಚೆ ದಡ ಸೇರಿದಳು. ಅವನು ಕಾಲು ಕಿತ್ತುಕೊಂಡು ಹಿಂದೆಯೇ ಬಂದ. ಬೂಟೆರಡೂ ಗುರುತು ಸಿಗದ ಹಾಗೆ ಕಪ್ಪಾಗಿದ್ದವು.

ಅಕ್ಕ ಆ ಬೂಟುಗಳನ್ನು ಬಹಳ ಹೊತ್ತು ನೋಡಿದಳು.

“ನಾಳೆನೂ ಇದೆಯಂತಾ ಚಿತ್ರ?”

“ಹನ್ನೊಂದಕ್ಕೆ.”

“ಹಾಗಾದ್ರೆ ನಾಳೆನೂ ಆ ಮನೆ ಉಳಿಯತ್ತೆ,” ಅಂದಳು. ಆಮೇಲೆ ಕಣ್ಣೊರೆಸಿಕೊಂಡು, ಚೀಲ ಸರಿಮಾಡಿಕೊಂಡು, ಮುಂದೆ ನಡೆಯುತ್ತ: “ಬೂಟು ಮಾತ್ರ ಇವತ್ತು ನಾನು ಒರೆಸಲ್ಲಪ್ಪ. ನೀನೇ ತೊಳೆದು ಒಣಗಿಸು. ಬೆಳಿಗ್ಗೆ ಹಾಕ್ಕೊಂಡು ಹೋಗಬೇಕು.”